ಮಧ್ಯಾಹ್ನ ನಡೆದ ಇಪ್ಪತ್ತೆರಡು ಮಂದಿ

ಬೆಳಗಿನ ಐದು ದಾಟಿ ಎರಡು ನಿಮಿಷ. ಬಸವೇಶ್ವರನಗರದ ಉದ್ಯಾನದ ಗೇಟಿನ ಮುಂದೆ ಆಗಲೇ ಏಳೆಂಟು ಜನ ಶೂ ಬಿಗಿದು ನಿಂತಿದ್ದಾರೆ. ಹೆಗ್ಗನಹಳ್ಳಿಯಿಂದ ನಾಲ್ಕಕ್ಕೇ ಹೊರಟು ಬಂದ ಅಂಜನಮ್ಮ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀಗಕ್ಕೆ ಕೈ ಹಾಕುತ್ತಾರೆ.

"ಏನಮ್ಮಾ, ನಮ್ ಶುಗರ್ ಏರಿಸ್ಬಿಡ್ತೀಯ ನೀನು" ಎಂದು ಗೊಣಗುವವರು ನಿವೃತ್ತ ಬ್ಯಾಂಕ್ ಅಧಿಕಾರಿ ಲಕ್ಷ್ಮೀಪತಿ.

"ಎರಡು ನಿಮಿಷಕ್ಕೆಲ್ಲ ಏರಲ್ಲ ಬನ್ನಿ ಸಾರ್. ರಾತ್ರಿ ತಿಂದ ಹೋಳಿಗೆಗೆ ನನ್ನ ಬೈಬೇಡಿ."

ನಗುತ್ತಾ ಒಳಹೋಗುವ ಒಬ್ಬೊಬ್ಬರಿಗೂ ಅಂಜನಮ್ಮ ರಿಜಿಸ್ಟರಿನಲ್ಲಿ ಒಂದೊಂದು ಗೀಟು ಎಳೆಯುತ್ತಾರೆ.

ಐವತ್ತಮೂರರ ಈಕೆ ಹನ್ನೊಂದು ವರ್ಷದಿಂದ ಇಲ್ಲಿ ಗುತ್ತಿಗೆಯ ಮೇಲೆ ಗುಡಿಸುತ್ತಾರೆ, ಗೇಟು ಕಾಯುತ್ತಾರೆ. ಗೀಟೆಳೆಯುವ ಕೆಲಸ ಅಂಟಿಕೊಂಡಿದ್ದು ಹೋದ ವರ್ಷ. ಸಕ್ಕರೆ ಕಾಯಿಲೆ, ಬಿ.ಪಿ.ಗಳನ್ನು ಬರುವ ಮುಂಚೆಯೇ ತಡೆಯಬೇಕೆಂದು ವಾರ್ಡ್ ಕಚೇರಿ 'ಆರೋಗ್ಯ ವಾರ್ಡ್' ಯೋಜನೆ ತಂದಿತು. ನಡೆಯಲು ಹೊಸ ಟ್ರ್ಯಾಕ್ ಬಂತು, ಸೊಪ್ಪು-ರಾಗಿ ತಿನ್ನಿ ಎನ್ನುವ ಫಲಕ ಬಂತು. "ನಡೆದವ್ರನ್ನ ಒಬ್ರನ್ನೂ ಬಿಡದೆ ಎಣಿಸಮ್ಮ" ಎಂದು ಕಚೇರಿಯ ಸಾಹೇಬರು ಹೇಳಿಹೋದರು.

ಅದೇ ಯೋಜನೆಯ ತಪಾಸಣಾ ಶಿಬಿರದಲ್ಲಿ, ಮೂರು ಮನೆಯ ಕೆಲಸ ಮಾಡುವ ಅಕ್ಕಯ್ಯಮ್ಮನಿಗೆ ಸಕ್ಕರೆ ಇನ್ನೂರ ಎಂಬತ್ತಿರುವುದು ಗೊತ್ತಾಯಿತು. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಚೀಟಿ ಬರೆದರು. ಯಾವಾಗ ನಡೆಯುವುದು? "ಮನೆಯೋರು ವಾಕಿಂಗ್ ಹೋದ್ರೇನೇ ಅಂಜನಕ್ಕ, ನಾನು ಅವ್ರ ಮನೆ ಗುಡಿಸೋದು" ಎನ್ನುತ್ತಾ ಆಕೆ ಚೀಟಿ ಹಿಡಿದು ಬಂದಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಹತ್ತರಿಂದ ನಾಲ್ಕರವರೆಗೆ ಉದ್ಯಾನ ಮುಚ್ಚಿರಬೇಕೆಂಬುದು ನಿಯಮ. ಅಂಜನಮ್ಮ ಬೀಗ ತೆಗೆದರು.

ಒಬ್ಬರು ಐವರಾದರು, ಐವರು ಇಪ್ಪತ್ತೆರಡಾದರು. ಎಲ್ಲರೂ ಮನೆಗೆಲಸದವರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮರದ ನೆರಳಲ್ಲಿ ಬಿರಬಿರನೆ ನಡೆದರು. ನಾಲ್ಕು ತಿಂಗಳಲ್ಲಿ ಅಕ್ಕಯ್ಯಮ್ಮನ ಸಕ್ಕರೆ ನೂರ ಎಪ್ಪತ್ತಕ್ಕಿಳಿಯಿತು. ಒಬ್ಬರನ್ನೂ ಬಿಡಬೇಡ ಅಂದಿದ್ದರಲ್ಲ, ಅಂಜನಮ್ಮ ಇವರಿಗೂ ಗೀಟು ಎಳೆದರು. ಹನ್ನೆರಡರಿಂದ ಒಂದು ಎಂದು ವೇಳೆಯನ್ನೂ ಬರೆದರು. ಸಿಕ್ಕಿಬಿದ್ದಿದ್ದು ಅಲ್ಲೇ.

ಗುತ್ತಿಗೆದಾರರ ಕಡೆಯ ಮೇಲ್ವಿಚಾರಕ ಭೈರೇಶ್ ರಿಜಿಸ್ಟರ್ ತಿರುವಿ ಹೌಹಾರಿದ. "ಮುಚ್ಚಿರೋ ಹೊತ್ತಲ್ಲಿ ತೆಗ್ದಿದ್ದೂ ಅಲ್ದೆ ಕೈಯಾರೆ ಬರ್ದೂ ಇಟ್ಟಿದೀಯಲ್ಲಮ್ಮ! ದಿನಾ ನೆಲ ಒರೆಸೋರಿಗೆ ವಾಕಿಂಗ್ ಬೇರೆ ಕೇಡು." ಅಂದಿನಿಂದ ಹತ್ತು ಹೊಡೆದರೆ ಬೀಗದ ಕೈ ಅವನ ಜೇಬಿಗೆ.

ಕಳೆದ ತಿಂಗಳು ಗೇಟಿನ ಮೇಲೆ ಬ್ಯಾನರ್ ಏರಿದೆ: ದಿನಕ್ಕೆ ಮುನ್ನೂರ ಹದಿನೆಂಟು ಮಂದಿ ನಡೆಯುವ ಮಾದರಿ ವಾರ್ಡ್. ಅಂಜನಮ್ಮ ಕೂಡಿ ನೋಡಿದ್ದಾರೆ. "ಬೆಳಿಗ್ಗೆ ನೂರ ತೊಂಬತ್ತು, ಸಂಜೆ ನೂರ ಆರು. ಮಿಕ್ಕ ಇಪ್ಪತ್ತೆರಡು ಯಾರು ಸಾರ್?" ಎಂದು ನನ್ನನ್ನೇ ಕೇಳುತ್ತಾರೆ.

ಆ ಇಪ್ಪತ್ತೆರಡರಲ್ಲಿ ನಾಲ್ಕೈದು ಮಂದಿ ಈಗ ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ ನಿಲ್ಲಿಸಿದ ಕಾರುಗಳ ನಡುವೆ ನುಸುಳಿ ನಡೆಯುತ್ತಾರೆ. ಉಳಿದವರು ಬಿಸಿಲಿಗೆ ಹೆದರಿ ನಡೆಯುವುದನ್ನೇ ಬಿಟ್ಟಿದ್ದಾರೆ. ಅಕ್ಕಯ್ಯಮ್ಮನ ಸಕ್ಕರೆ ಮತ್ತೆ ಇನ್ನೂರ ನಲವತ್ತು. ಕಾಲಲ್ಲೊಂದು ಗಾಯವಾಗಿದೆ, ಮಾಯುತ್ತಿಲ್ಲ.

ಈ ತಿಂಗಳ ಕೊನೆಗೆ ಅಂಜನಮ್ಮನ ಗುತ್ತಿಗೆ ಮುಗಿಯುತ್ತದೆ. ಮಧ್ಯಾಹ್ನದ ಗೀಟುಗಳನ್ನೆಲ್ಲ ಹೊಡೆದುಹಾಕಿ, ತಪ್ಪಾಗಿ ಬರೆದೆನೆಂದು ಸಹಿ ಮಾಡಿದರಷ್ಟೇ ಕೆಲಸ ಉಳಿಯುತ್ತದೆ ಎಂದಿದ್ದಾನೆ ಭೈರೇಶ್. ಅಂಜನಮ್ಮ ಇನ್ನೂ ಸಹಿ ಮಾಡಿಲ್ಲ.

"ಮಧ್ಯಾಹ್ನ ಒಂದು ಗಂಟೆ ಹೊತ್ತು ಗೇಟು ತೆಗೀಲಿ, ನಾನು ಕೇಳೋದು ಅಷ್ಟೇ. ತೆಗೀದಿದ್ರೆ ಅವರಿಷ್ಟ. ಆದ್ರೆ ನಡೆದೋರನ್ನ ನಡೆದಿಲ್ಲ ಅಂತ ಹೆಂಗ್ ಬರೀಲಿ ಸಾರ್? ನನ್ ಕಣ್ಣೆದುರಿಗೇ ನಡೆದ್ರು."