ಗೇಲಿ ಪದಕದ ಹುಚ್ಚು

ನಮ್ಮ ಮನೆಯವರಿಗೆ ಕೆಜಿಎಫ್‌ನ ಫ್ಯಾಕ್ಟರಿ ಕೆಲಸ ಬಿಟ್ಟರೆ ಇರುವುದು ಒಂದೇ ಹುಚ್ಚು, ಗೇಲಿ ಪದಕ. ನೂರು ವರ್ಷಕ್ಕೂ ಹಿಂದೆ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಯುದ್ಧ ಆಯಿತಂತೆ. ಆಗ ಬೋಯರರ ಮುದಿ ನಾಯಕನನ್ನು ಆಡಿಕೊಂಡು ನಗುವುದಕ್ಕೆಂದೇ ಅಚ್ಚು ಹಾಕಿಸಿ ಮಾರಿದ ಬಿಲ್ಲೆಗಳು ಇವು. ಒಂದರಲ್ಲಿ ಅವನಿಗೆ ಕತ್ತೆ ಕಿವಿ, ಇನ್ನೊಂದರಲ್ಲಿ ಗಂಟುಮೂಟೆ ಹೊತ್ತು ಓಡುತ್ತಿದ್ದಾನೆ. ಅಲ್ಲಿಯ ಗಣಿ ಬಿಟ್ಟು ಇಲ್ಲಿಯ ಗಣಿಗೆ ಬಂದ ಬಿಳಿಯರ ಜೇಬಿನಲ್ಲಿ ಇವೂ ಬಂದವಂತೆ. ಯಾವ ಗುಜರಿ ಅಂಗಡಿಯಲ್ಲಿ ಸಿಕ್ಕೀತೋ ಅಂತ ಪ್ರತಿ ಭಾನುವಾರ ಆಂಡರ್ಸನ್‌ಪೇಟೆ, ಬಂಗಾರಪೇಟೆ ಸುತ್ತಾಟ. ಬರುವಾಗ ಸೊಪ್ಪು ತನ್ನಿ ಅಂದರೆ ಅದು ಮಾತ್ರ ಮರೆತುಹೋಗುತ್ತದೆ.

ಷೋಕೇಸಿನಲ್ಲಿದ್ದ ನನ್ನ ಪಿಂಗಾಣಿ ಕಪ್ಪುಗಳನ್ನು ಅಟ್ಟಕ್ಕೇರಿಸಿ ಆ ಗಡ್ಡದ ಮುದುಕನನ್ನು ಸಾಲಾಗಿ ಕೂರಿಸಿದ್ದಾರೆ. ಒಂದು ಆಯುಧಪೂಜೆಗೆ ಹಿತ್ತಾಳೆ ಸಾಮಾನಿನ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ಫಳಫಳ ಅನ್ನುವಂತೆ ಬೆಳಗಿಟ್ಟೆ. "ಹಳೇ ಬಣ್ಣಾನೇ ಹೋಯ್ತಲ್ಲೇ, ಎಲ್ಲ ಹಾಳು ಮಾಡಿದೆ!" ಅಂತ ತಲೆ ಚಚ್ಚಿಕೊಂಡರು. ಬೆಳಗಿದ್ದಕ್ಕೆ ಬೈಸಿಕೊಂಡ ಹೆಂಗಸು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಮೊನ್ನೆ ಕ್ಯಾಸಂಬಳ್ಳಿ ಕಡೆಯಿಂದ ಒಬ್ಬ ಅಜ್ಜಿ ಬಂದರು, ನಮಗೆ ಹಾಲು ಹಾಕುವವನ ತಾಯಿ. ಇವರು ಹಳೇ ಪದಕ ಓದುತ್ತಾರೆ ಅಂತ ಮಗ ಹೇಳಿದ್ದನಂತೆ. ಸೆರಗಿನ ಗಂಟು ಬಿಚ್ಚಿ ಒಂದು ಬಿಲ್ಲೆ ತೆಗೆದು ಇವರ ಕೈಗಿಟ್ಟರು.

"ನಮ್ ತಾತಂದು ಸ್ವಾಮಿ. ಗಣೀಲಿ ಬಂಡೆ ಬಿದ್ದಾಗ ದೊರೇನ ಬೆನ್ ಮ್ಯಾಲೆ ಒತ್ಕೊಂಡು ಬಂದ. ಅವತ್ತೇ ತಾತನ ಕಾಲು ಊನ ಆಗಿದ್ದು. ದೊರೆ ಮೆಚ್ಚಿ ಇದ್ನ ಕೊಟ್ನಂತೆ. ಈಗ ಮೊಮ್ಮಗಳ ಮದ್ವೆ ಐತೆ. ತಾತನ ಫೋಟೊ ಜೊತೆ ಕಟ್ಟು ಆಕ್ಸಿ ಬೀಗರಿಗೆ ತೋರಿಸ್ಬೇಕು. ಏನು ಬರ್ದವ್ರೆ, ಓದಿ ಏಳಿ."

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅದೇ ಮುದುಕ, ಅದೇ ಗಡ್ಡ. ದಿನಾ ಅವನ ಧೂಳು ಒರೆಸುವವಳು ನಾನಲ್ಲವೇ? ಕಣ್ಸನ್ನೆ ಮಾಡಿದೆ. ಕೆಮ್ಮಿದೆ. "ರೀ, ಕಾಫಿ ಆರಿಹೋಗುತ್ತೆ, ಮೊದಲು ಕುಡೀರಿ" ಅಂದೆ. ಕೇಳಿದರೆ ತಾನೆ? ಮಹಾಶಯರ ಮುಖ ಇಷ್ಟಗಲ ಆಗಿತ್ತು.

"ಅಯ್ಯೋ ಅಜ್ಜಿ, ಇದು ಹುಡುಕಿದ್ರೂ ಸಿಗಲ್ಲ! ಇದು ನಿಜವಾದ ಪದಕ ಅಲ್ಲ, ತಮಾಷೆದು. ಇಲ್ನೋಡಿ, ಕತ್ತೆ ಕಿವಿ! ಓಡಿಹೋದ ಶೂರ ಅಂತ ಆಡ್ಕೊಂಡಿದ್ದಾರೆ" ಅಂತ ಗಹಗಹಿಸಿ ನಕ್ಕರು.

ದೇವರೇ, ಈ ಮನುಷ್ಯನಿಗೆ ಓದು ಬರಹ ಕೊಟ್ಟೆ, ಎದುರಿಗಿರುವವರ ಮುಖ ನೋಡುವ ಬುದ್ಧಿ ಯಾಕೆ ಕೊಡಲಿಲ್ಲ? ಮೈಯೆಲ್ಲ ಉರಿದುಹೋಯಿತು ನನಗೆ.

ಅಜ್ಜಿ ನಗಲಿಲ್ಲ. ಷೋಕೇಸಿನ ಕಡೆ ನೋಡಿದರು. ಅಲ್ಲಿ ಅದೇ ಮುದುಕ ಸಾಲುಸಾಲಾಗಿ ಕೂತಿದ್ದ. "ಅಂಗಾರೆ ಮದ್ವೆ ಮನ್ಯಾಗೆ ಇಡಂಗಿಲ್ವೇನವ್ವಾ?" ಅಂತ ನನ್ನನ್ನು ಕೇಳಿದರು. ನಾನು ಇವರನ್ನು ದುರುಗುಟ್ಟಿ ನೋಡಿದೆ. ಇವರಿಗೆ ಆಗ ತಲೆಗೆ ಹೋಯಿತು ನೋಡಿ, ನಗು ನಿಂತಿತು. "ಅಲ್ಲಜ್ಜಿ, ನಾನು ಹೇಳಿದ್ದು..." ಅಂತ ತೊದಲಿದರು. ಹೇಳುವುದಕ್ಕೆ ಇನ್ನೇನು ಉಳಿದಿತ್ತು?

ಅಜ್ಜಿ ಎದ್ದರು. ಬಿಲ್ಲೆ ಇವರ ಕೈಯಲ್ಲೇ ಇತ್ತು. ವಾಪಸ್ ಕೊಡಹೋದರೆ ತೆಗೆದುಕೊಳ್ಳಲಿಲ್ಲ.

"ನೀವೇ ಇಟ್ಕಳಿ ಸ್ವಾಮಿ. ನಮಗೆ ಫೋಟೊ ಒಂದು ಸಾಕು. ದೊರೆ ಕೊಟ್ಟಿದ್ದು ತಮಾಷೆಗೇ ಇರ್ಬೋದು. ನಮ್ ತಾತ ಸಾಯೋಗಂಟ ಕುಂಟಿದ್ದು ತಮಾಷೆಗಲ್ಲ."