ಕೊಳೆತ ಹೊಸ್ತಿಲು

ಹಸಿ ಕಟ್ಟಿಗೆ ಹಾಕಿರಬಹುದು, ಗೆದ್ದಲು ಹತ್ತಿರಬಹುದು, ಕಾಲುವೆ ಬಂದ ಮೇಲೆ ನೆಲವೇ ಜೌಗಾಗಿರಬಹುದು, ಬೇವೆಂದು ಹೇಳಿ ಬೇರೇನೋ ಕೊಟ್ಟಿರಬಹುದು... ಮಸ್ಕಿಯ ನಮ್ಮ ಮನೆಯ ಹೊಸ್ತಿಲು ಎರಡೇ ವರ್ಷಕ್ಕೆ ಮೆತ್ತಗಾದಾಗ ನಾನು ಹಾಕಿದ ಪಟ್ಟಿ ಇದು. ಅದರಲ್ಲಿ ನನ್ನ ತಪ್ಪಿಗೆ ಜಾಗವಿರಲಿಲ್ಲ. ಹಗಲೆಲ್ಲ ಚಿಂತೆ ಮಾಡುವವನಿಗೆ ಅಷ್ಟಾದರೂ ಅನುಕೂಲ ಬೇಡವೇ?

ಮೊನ್ನೆ ಶಾಲೆಯ ಹಳೆ ಬೆಂಚು ಮುರಿದಾಗ ಅಂದು ಹೊಸ್ತಿಲಿಗೆ ಬಂದಿದ್ದ ಅದೇ ಅಣಬೆಯ ವಾಸನೆ ಬಂತು. ಆ ಹೊಸ್ತಿಲು ಮಾಡಿಕೊಟ್ಟ ಬಡಿಗೇರ ಕಾಕಾ ನೆನಪಾದರು.

ಅಂದು ನೇರವಾಗಿ ಅವರ ಶೆಡ್ಡಿಗೆ ಹೋಗಿದ್ದೆ. ಬಾಗಿಲು ಮಾಡಿಸಲು ಬಂದಿದ್ದ ಇಬ್ಬರು ಅಲ್ಲಿ ಕೂತಿದ್ದರು. ಅವರೆದುರೇ, "ಹಸಿ ಕಟ್ಟಿಗಿ ಕೊಟ್ಟು ಕೈ ತೊಳ್ಕೊಂಡೀರಿ, ಕಾಕಾ" ಅಂದೆ. ಅವರಿಬ್ಬರೂ "ನಾಳಿ ಬರ್ತೀವ್ರಿ" ಎಂದು ಎದ್ದು ಹೋದರು.

ಕಾಕಾ ಜಗಳವಾಡಲಿಲ್ಲ. ಮನೆಗೆ ಬಂದು, ಹೊಸ್ತಿಲಿಗೆ ಬೈಕಿನ ಗೀರು ಬೀಳದಿರಲೆಂದು ನಾನು ಮೊಳೆ ಹೊಡೆದು ಕೂರಿಸಿದ್ದ ರೆಗ್ಜಿನ್ ಕಿತ್ತರು. ಹೆಬ್ಬೆರಳಿನಿಂದ ಒತ್ತಿದರೆ ಕಟ್ಟಿಗೆ ಕಂದು ಚೌಕಗಳಾಗಿ ಉದುರಿತು.

"ಬೂಸ್ಟ ಹತ್ತೈತ್ರಿ ಮಾಸ್ತರ. ದಿನಾ ಹೊಸ್ತಿಲಾ ತೊಳದು ಅರಿಷಿಣ ಹಚ್ಚತೀರಿ, ಛಲೋ. ನಮ್ಮಜ್ಜಿನೂ ತೊಳೀತಿದ್ಲು. ಆದ್ರ ಆಕಿ ಹೊಸ್ತಿಲಕ್ಕ ಅಂಗಿ ತೊಡಸ್ತಿದ್ದಿಲ್ಲ."

ರೆಗ್ಜಿನ್ ಕೆಳಗೆ ನೀರು ಇಳಿಯುತ್ತಿತ್ತು, ಆರುತ್ತಿರಲಿಲ್ಲ. ಮುಂದಿನದು ನನ್ನದೇ ಪಾಠ. ಕಟ್ಟಿಗೆಗೆ ಕಸುವು ಕೊಡುವುದು ಸೆಲ್ಯುಲೋಸ್, ಅದನ್ನು ಬಿಗಿದು ಹಿಡಿಯುವುದು ಲಿಗ್ನಿನ್. ಈ ಜಾತಿಯ ಶಿಲೀಂಧ್ರ ಸೆಲ್ಯುಲೋಸನ್ನು ಒಡೆದು ತಿಂದು, ಕಂದು ಲಿಗ್ನಿನ್ನನ್ನು ಅಷ್ಟಿಷ್ಟು ಬದಲಿಸಿ ಬಿಟ್ಟುಬಿಡುತ್ತದೆ. ನೋಡಲು ಕಟ್ಟಿಗೆಯೇ, ಒಳಗೆ ಜೀವವಿಲ್ಲ. ವರ್ಷವರ್ಷವೂ ಮಕ್ಕಳಿಗೆ ಇದನ್ನು ಬಾಯಿಪಾಠ ಮಾಡಿಸುತ್ತಿದ್ದವನು ನಾನು.

ಕಾಕಾ ಹೊಸ ಹೊಸ್ತಿಲು ಕೂರಿಸಿಕೊಟ್ಟು, ಹೋಗುವಾಗ ಒಂದೇ ಕೇಳಿದರು: "ಅವತ್ತು ಕುಂತಿದ್ದವ್ರಿಗೆ ಒಂದ್ ಮಾತು ಹೇಳ್ರಿ, ಕಟ್ಟಿಗಿ ಒಣಗಿದ್ದೇ ಇತ್ತಂತ. ಅಷ್ಟ ಸಾಕು."

"ಹೇಳ್ತೀನ್ರಿ" ಅಂದೆ. ಸಂತೆ ಮುಗಿಯಲಿ, ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದೆ. ಆ ಇಬ್ಬರೂ ಬಾಗಿಲನ್ನು ಸಿಂಧನೂರಿನಲ್ಲಿ ಮಾಡಿಸಿದರೆಂದು ಆಮೇಲೆ ತಿಳಿಯಿತು...

ಕಾಕಾ ಈಗಿಲ್ಲ. ಶೆಡ್ಡಿನ ಜಾಗದಲ್ಲಿ ರೆಡಿಮೇಡ್ ಬಾಗಿಲು ಮಾರುತ್ತಾರೆ. ವಿಜ್ಞಾನದ ಮಾಸ್ತರನಿಗೆ ಬಡಿಗೇರ ಪಾಠ ಹೇಳಿದನೆಂದು ಊರು ನಗುತ್ತದೆ, ಮಕ್ಕಳು ಆಡಿಕೊಳ್ಳುತ್ತಾರೆ, ಕಾಕಾ ದಾರಿಯಲ್ಲಿ ತಡೆದು ಕೇಳುತ್ತಾರೆ ಎಂದೆಲ್ಲ ಹೆದರಿದ್ದೆ. ಒಂದೂ ಆಗಲಿಲ್ಲ. ಕಂಡಾಗಲೆಲ್ಲ ಅವರು, "ಆರಾಮದೀರೇನ್ರಿ ಮಾಸ್ತರ?" ಅನ್ನುತ್ತಿದ್ದರು. "ಆರಾಮ್ರಿ ಕಾಕಾ" ಎಂದು ನಾನು ಅಷ್ಟಕ್ಕೇ ನಿಲ್ಲಿಸುತ್ತಿದ್ದೆ.