ಹೆಸರಿಲ್ಲದವರ ಕಣ್ಣು

ನನ್ನ ಅಕ್ಕ ನೀಲವ್ವ ಕೌದಿ ಹೊಲಿಯುವಾಗ ಸೂಜಿಗೆ ದಾರ ಏರಿಸುವುದನ್ನು ನೀವು ನೋಡಬೇಕಿತ್ತು. ಮಾತೂ ನಿಲ್ಲುತ್ತಿರಲಿಲ್ಲ, ದಾರವೂ ತಪ್ಪುತ್ತಿರಲಿಲ್ಲ. ಅವಳ ಒಂದು ಕಣ್ಣು ಚಿಕ್ಕಂದಿನ ದಡಾರಕ್ಕೇ ಮಂಜಾಗಿತ್ತು. ಉಳಿದೊಂದಕ್ಕೆ, ಒಂದು ಸುಗ್ಗಿಯಲ್ಲಿ, ಮೇಡ್ಲೇರಿಯ ಗದ್ದೆಯಲ್ಲಿ ಭತ್ತದ ಗರಿ ಬಡಿಯಿತು. ಗಾಯ ಮಾಯಿತು, ಆದರೆ ಕಣ್ಣಿಗೆ ಹೂ ಬಿತ್ತು; ಬಿಳಿ ಕಲೆ ಕವಿದು ನೋಟ ಹೋಯಿತು. ಹೂವೆಂಬ ಚೆಲುವಾದ ಮಾತು ಎಷ್ಟು ಕ್ರೂರವಾಗಬಲ್ಲದೆಂದು ನನಗೆ ಆಗ ತಿಳಿಯಿತು.

ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ಹೆಸರು ಬರೆಸಿದೆ. ಉಳ್ಳವರಿಗೂ ಅಲ್ಲಿ ಅದೇ ಸರತಿ. ಕಣ್ಣಿನ ಮುಂದಿನ ತಿಳಿಪೊರೆಯಷ್ಟನ್ನೇ ಬದಲಿಸುತ್ತಾರಂತೆ. ಆದರೆ ಅದು ಸಿಗಬೇಕಾದರೆ ಎಲ್ಲೋ ಒಂದು ಮನೆಯಲ್ಲಿ ಸಾವಾಗಿ, ಆ ಮನೆಯವರು ಅಳು ನುಂಗಿಕೊಂಡು 'ಆಗಲಿ' ಅನ್ನಬೇಕು. ಇದು ತಿಳಿದ ಮೇಲೆ, ಬೇಗ ಕರೆ ಬರಲೆಂದು ಹಾರೈಸಲೂ ನಾಲಿಗೆ ಏಳಲಿಲ್ಲ.

ಕರೆ ಬಂತು. ಹೊಸ ಪೊರೆ ಕೂಡಿಸಿ ಕಣ್ಣಿನ ಪಟ್ಟಿ ಬಿಚ್ಚಿದ ಕೆಲವು ವಾರಗಳಲ್ಲಿ ನೋಟ ತಿಳಿಯಾಗುತ್ತ ಬಂದು, ಒಂದು ಮುಂಜಾನೆ ಅಕ್ಕ ನನ್ನನ್ನೇ ದಿಟ್ಟಿಸಿದಳು. "ತಮ್ಮಾ, ಇಷ್ಟು ಮುದುಕ ಆಗೀಯೇನೋ!"

ನಕ್ಕಳು, ಆಮೇಲೆ ಕಣ್ಣು ತೋರಿಸಲು ಆಸ್ಪತ್ರೆಗೆ ಹೋದಾಗ ವೈದ್ಯರನ್ನು ಕೇಳಿದಳು: "ಯಾರದ್ರೀ ಈ ಕಣ್ಣು?"

"ಅದನ್ನ ಹೇಳಂಗಿಲ್ಲಮ್ಮ."

ಕೊಟ್ಟವರಿಗೆ ಪಡೆದವರ ಗುರುತಿಲ್ಲ, ಪಡೆದವರಿಗೆ ಕೊಟ್ಟವರ ಹೆಸರಿಲ್ಲ. ಆದರೂ ಒಬ್ಬರು ಬಿಟ್ಟುಹೋದ ಬೆಳಕು ದಾರಿ ತಪ್ಪದೆ ಇನ್ನೊಬ್ಬರ ಮನೆ ಮುಟ್ಟುತ್ತದೆ. ಮನುಷ್ಯರು ಕಟ್ಟಿದ ಏರ್ಪಾಡೊಂದರ ಮುಂದೆ ನಾನು ಮನಸಾರೆ ಕೈಮುಗಿದದ್ದು ಅದೊಂದೇ ಸಲ.

ಮರುವರ್ಷ ಪಕ್ಕದ ಮನೆಯ ಬಸಪ್ಪ ತೀರಿಕೊಂಡರು. ಸುದ್ದಿ ತಿಳಿದೊಡನೆ ನನ್ನ ಜೊತೆ ಮಾತಾಡಿಸಲು ಹೋದ ಅಕ್ಕ, ಅವರ ಹೆಂಡತಿ ಶಾಂತವ್ವನ ಎದುರು ಕುಳಿತು ಕೇಳಿಯೇಬಿಟ್ಟಳು: "ಅತ್ತೀ, ಮಾವಾರ ಕಣ್ಣು ಕೊಡತೀರೇನು?"

ಅಂಗಳದಲ್ಲಿದ್ದ ನೆಂಟರೊಬ್ಬರು ಸಿಡುಕಿದರು: "ಇದೇನು ಕೇಳೋ ಹೊತ್ತೇನವ್ವಾ?"

ಅಕ್ಕನ ತಲೆ ಬಾಗಿತು. ಶಾಂತವ್ವ ಅವಳ ಗದ್ದ ಹಿಡಿದೆತ್ತಿ, ಆ ಕಣ್ಣನ್ನೇ ಬಹಳ ಹೊತ್ತು ನೋಡಿದಳು.

"ಇದು ಬಂದ ದಿನಾನೂ ಒಬ್ಬಾಕಿ ನನ್ನಂಗ ಅಳಾಕತ್ತಿರಬೇಕಲ್ಲ, ನೀಲವ್ವಾ?"

"ಹೂಂ, ಅತ್ತೀ."

"ಆಕಿ ಕೊಟ್ಟಾಳ, ನಾನೂ ಕೊಡತೇನಿ. ಲಗೂ ಬರಾಕ ಹೇಳು ಆಸ್ಪತ್ರೆಯವರಿಗೆ."

ಕಣ್ಣು ಒಣಗಬಾರದೆಂದು ಅಕ್ಕ ಎದ್ದು ಫ್ಯಾನ್ ಆರಿಸಿದಳು. ಅವಳು ಹೇಳಿದಂತೆ ಬಸಪ್ಪನವರ ತಲೆಯಡಿಗೆ ಶಾಂತವ್ವ ತಾನೇ ದಿಂಬು ಕೊಟ್ಟು, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಅರಳೆಯನ್ನು, ಜ್ವರ ಬಂದವರಿಗೆ ಇಡುವಷ್ಟೇ ಮೆಲ್ಲಗೆ ಇಟ್ಟಳು.